ಗೋಡೆ ಮೇಲೆ ಈಜಿಪ್ಟ್: ಚೌಕ ಹೊಡೆಯದೆ ಕುಂಚ ಮುಟ್ಟಬೇಡಿ

ನನ್ನ ಪರಿಚಯದ ಇಬ್ಬರು ಮನೆ ಗೋಡೆಯ ಮೇಲೆ ಈಜಿಪ್ಟ್ ಚಿತ್ರ ಬರೆದಿದ್ದಾರೆ. ಬಣ್ಣ ಚೆನ್ನಾಗಿದೆ. ಆದರೆ ರಾಣಿ ಮಾತ್ರ ಬಸ್ಸಿಗೆ ಕಾದು ಸುಸ್ತಾದವಳ ಹಾಗಿದ್ದಾಳೆ. ಮೊಬೈಲ್ ನೋಡಿಕೊಂಡು ಅಂದಾಜಿಗೆ ಗೆರೆ ಎಳೆದರೆ ಹೀಗೇ ಆಗುವುದು.

ತೇವ ಇರುವ ಗೋಡೆ ಬೇಡ. ಪುಟ್ಟಿ, ಪ್ರೈಮರ್, ಮೇಲೆ ಎರಡು ಕೋಟ್ ಕೆನೆ ಬಣ್ಣದ ಮ್ಯಾಟ್ ಎಮಲ್ಷನ್. ಇಷ್ಟು ಸಾಕು.

ಈಗ ಚೌಕಗಳು, ಅಂದರೆ ಆಕೃತಿಯ ಅಳತೆ ತಪ್ಪದಿರಲು ಗೋಡೆ ಮೇಲೆ ಅಡ್ಡ-ಉದ್ದ ಎಳೆಯುವ ಗೆರೆಗಳ ಜಾಲ. ಅವಸರ ಬೇಡ, ಒಂದಿಡೀ ಭಾನುವಾರ ಇದಕ್ಕೇ ಇಡಿ. ಈಜಿಪ್ಟಿನ ಕಲಾವಿದರು ದಾರವನ್ನು ಕೆಂಪು ಬಣ್ಣದಲ್ಲಿ ಅದ್ದಿ, ಬಿಗಿಯಾಗಿ ಎಳೆದು ಗೋಡೆಗೆ ಚಿಮ್ಮಿಸುತ್ತಿದ್ದರು. ನಮ್ಮ ಬಡಗಿಗಳು ಮರದ ಮೇಲೆ ನೂಲು ಹೊಡೆಯುತ್ತಾರಲ್ವಾ, ಅದೇ ಉಪಾಯ. ನೀವು ಒಣ ಕೆಮ್ಮಣ್ಣಿನ ಪುಡಿ ಸವರಿದ ದಾರ ಬಳಸಿ, ಆಮೇಲೆ ಒರೆಸಿದರೆ ಬಹುಮಟ್ಟಿಗೆ ಹೋಗುತ್ತದೆ. ಮಾರ್ಕರ್ ಪೆನ್ ಮಾತ್ರ ಬೇಡವೇ ಬೇಡ. ನಾನೊಮ್ಮೆ ಬಳಸಿದ್ದೆ. ಮೂರು ಕೋಟ್ ಹಳದಿ ಬಳಿದರೂ ಗೆರೆ ಮತ್ತೆ ಮತ್ತೆ ಮೇಲೆದ್ದು ಬಂತು.

ನಿಂತ ಆಕೃತಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ. ನಾಲ್ಕೂವರೆ ಅಡಿ ಎತ್ತರ ಬೇಕೆಂದರೆ ಒಂದೊಂದು ಚೌಕ ಸರಿಯಾಗಿ 3 ಇಂಚು. ಕೆಳಗಿನಿಂದ ಎಣಿಸಿ: 6ನೇ ಗೆರೆಗೆ ಮಂಡಿ, 9ಕ್ಕೆ ಪೃಷ್ಠದ ಕೆಳಅಂಚು, 16ಕ್ಕೆ ಕತ್ತು ಭುಜಕ್ಕೆ ಸೇರುವ ಜಾಗ, 18ಕ್ಕೆ ಕೂದಲಂಚು. ಕಿರೀಟ ಅದರ ಮೇಲೆ. ಗಂಡಸಿನ ಭುಜದ ಅಗಲ ಸುಮಾರು 6 ಚೌಕ. ಮುಖ ಪಕ್ಕಕ್ಕೆ, ಕಣ್ಣು ಮಾತ್ರ ಎದುರಿನಿಂದ ಕಂಡಂತೆ ಪೂರ್ತಿ. ಭುಜ ಎದುರಿಗೆ, ಕಾಲು ಮತ್ತೆ ಪಕ್ಕಕ್ಕೆ. ಬಹುಪಾಲು ಚಿತ್ರಗಳಲ್ಲಿ ಎರಡೂ ಪಾದಗಳ ಹೆಬ್ಬೆರಳೇ ನಮ್ಮ ಕಡೆಗಿರುತ್ತದೆ. ಅದು ಅವರ ತಪ್ಪಲ್ಲ, ಪದ್ಧತಿ. ನೀವು ತಿದ್ದಲು ಹೋಗಬೇಡಿ.

ಮೊದಲ ಗೆರೆ ತೆಳು ಕೆಂಪಿನಲ್ಲಿ, ತಿದ್ದುಪಡಿ ಕಪ್ಪಿನಲ್ಲಿ. ಈಜಿಪ್ಟಿನ ದೊರೆಗಳ ಸಮಾಧಿಗಳಿರುವ ರಾಜರ ಕಣಿವೆಯಲ್ಲಿ ದೊರೆ ಹೋರೆಮ್‌ಹೆಬ್‌ನ ಸಮಾಧಿಯ ಕೆಲಸ ಅರ್ಧಕ್ಕೇ ನಿಂತಿತು. ಅಲ್ಲಿನ ಗೋಡೆಗಳಲ್ಲಿ ಕೆಂಪು ಗೆರೆ, ಅದರ ಮೇಲೆ ಕಪ್ಪು ತಿದ್ದುಪಡಿ ಇವತ್ತಿಗೂ ಕಾಣುತ್ತವೆ. ಅವರೂ ತಪ್ಪುತ್ತಿದ್ದರು!

ಬಣ್ಣ ಆರೇ ಸಾಕು: ಕೆಮ್ಮಣ್ಣಿನ ಕೆಂಪು, ಹಳದಿ ಮಣ್ಣು, ಕಪ್ಪು, ಬಿಳಿ, ನೀಲಿ, ಹಸಿರು. ರೂಢಿಯಂತೆ ಗಂಡಸರ ಮೈಗೆ ಕೆಂಗಂದು, ಹೆಂಗಸರಿಗೆ ಹಳದಿ. ನೆರಳು-ಬೆಳಕು ಹಾಕಬೇಡಿ, ಸಪಾಟಾಗಿ ತುಂಬಿ. ಮರಳು, ಸುಣ್ಣ, ತಾಮ್ರ ಸೇರಿಸಿ ಬೇಯಿಸಿ ಅವರು ನೀಲಿ ತಯಾರಿಸುತ್ತಿದ್ದರು. ನಮಗೆ ಅಂಗಡಿಯ ನೀಲಿಗೆ ಚೂರು ಹಸಿರು, ಚೂರು ಬಿಳಿ ಬೆರೆಸಿದರೆ ಹತ್ತಿರ ಬರುತ್ತದೆ. ಚಿನ್ನದ ಸ್ಪ್ರೇ ಡಬ್ಬಿ ತರಲೇಬೇಡಿ, ಗೋಡೆ ಮದುವೆ ಮಂಟಪದ ಹಾಗಾಗುತ್ತದೆ. ಚಿನ್ನಕ್ಕೂ ಹಳದಿಯೇ ಸಾಕು.

ಚಿತ್ರಲಿಪಿ ಬರೆಯುವುದಾದರೆ ಹಕ್ಕಿ, ಮನುಷ್ಯರ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಓದಬೇಕು ಅನ್ನುವುದು ನೆನಪಿರಲಿ. ಸಿಕ್ಕ ಸಿಕ್ಕ ಗುರುತುಗಳನ್ನು ಸುಮ್ನೆ ಉದುರಿಸಬೇಡಿ. ಹಗ್ಗದ ಉಂಗುರದಂಥ ಚೌಕಟ್ಟು ರಾಜ-ರಾಣಿಯರ ಹೆಸರಿಗೆ ಮೀಸಲು. ಮಗಳ ಹೆಸರು ಬರೆಯುತ್ತೀರಾ? ಬರೆಯಿರಿ, ಮನೆಗೆ ಅವಳೇ ರಾಣಿ ಅಲ್ವಾ.

ಬಣ್ಣ ಒಣಗಿದ ಮೇಲೆ ಕೊನೆಯಲ್ಲಿ ಅಂಚಿನ ಗೆರೆ. ಉದ್ದ ಕೂದಲಿನ ತೆಳು ಕುಂಚ, ಒಂದೇ ಉಸಿರಿನಲ್ಲಿ ಎಳೆಯಿರಿ. ಕೈ ನಡುಗುತ್ತಿದ್ದರೆ ನಾಳೆ ಮಾಡಿ.