ತಕ್ಕಡಿ ಪಕ್ಕದ ಚೀಟಿ

ಬಸವಕಲ್ಯಾಣದಲ್ಲಿ ನನ್ನದೊಂದು ಕಿರಾಣಿ ಅಂಗಡಿ. ನಮ್ಮೂರಲ್ಲಿ ವಚನಗಳಿಗೆ ಬರವಿಲ್ಲ. ಗೋಡೆ, ಕ್ಯಾಲೆಂಡರ್, ಆಟೋದ ಬೆನ್ನು, ಎಲ್ಲಿ ನೋಡಿದರೂ ಇವೆ. ಬೆಳಗಾದರೆ ಮೊಬೈಲಿಗೂ ನಾಲ್ಕಾರು ಬಂದು ಬೀಳುತ್ತವೆ. ಇಷ್ಟೊಂದು ಇದ್ದರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಅದಕ್ಕೇ ನಾನು ಒಂದು ಸಲಕ್ಕೆ ಒಂದೇ ಇಟ್ಟುಕೊಳ್ಳುತ್ತೇನೆ. ಹಳೇ ಬಿಲ್ಲಿನ ಹಿಂದೆ ಬರೆದು, ತಕ್ಕಡಿ ಪಕ್ಕ ನನಗಷ್ಟೇ ಕಾಣುವ ಹಾಗೆ ಅಂಟಿಸುತ್ತೇನೆ. ವ್ಯಾಪಾರದಲ್ಲಿ ಒಮ್ಮೆಯಾದರೂ ಅದು ಕೆಲಸಕ್ಕೆ ಬರುವ ತನಕ ಕಿತ್ತು ಹಾಕುವುದಿಲ್ಲ.

ಬರೆಯುವ ಮುಂಚೆ ಅಂಕಿತ, ಅಂದರೆ ಬರೆದವರ ಗುರುತಾಗಿ ವಚನದಲ್ಲಿ ಬರುವ ದೇವರ ಹೆಸರು, ನೋಡುತ್ತೇನೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕ. ಮೊಬೈಲಿಗೆ ಬರುವ ಎಷ್ಟೋ 'ವಚನ'ಗಳಿಗೆ ಅಂಕಿತವೇ ಇರುವುದಿಲ್ಲ. ಅಂಥದ್ದನ್ನು ಪುಸ್ತಕದಲ್ಲಿ ಹುಡುಕುತ್ತೇನೆ, ಸಿಗದಿದ್ದರೆ ಬಿಡುತ್ತೇನೆ.

ಜಾಸ್ತಿ ದಿನ ಉಳಿದ ಚೀಟಿ ಆಯ್ದಕ್ಕಿ ಲಕ್ಕಮ್ಮನದು. ಕಥೆ ನಮ್ಮ ಕಲ್ಯಾಣದ್ದೇ, 12ನೇ ಶತಮಾನದ್ದು. ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದೇ ಅವನ ಕಾಯಕ. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಒಳಗೆ ಇಟ್ಟುಕೊಳ್ಳಲಿಲ್ಲ. 'ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ' ಎಂದು ಗದರಿ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಆಕೆ ಮನೆಯೇನೂ ತುಂಬಿ ತುಳುಕುತ್ತಿರಲಿಲ್ಲ. ಬಡತನದಲ್ಲಿ ನಿಂತು ಆಡಿದ ಮಾತು ಅದು. ಅದಕ್ಕೇ ನನಗೆ ಅಷ್ಟು ಚುಚ್ಚುತ್ತದೆ.

ತೊಗರಿಬೇಳೆ ದರ ಏರುತ್ತಿದ್ದ ಹೊತ್ತಿನಲ್ಲಿ ಹೋಲ್‌ಸೇಲ್ ವ್ಯಾಪಾರಿಯೊಬ್ಬ ಫೋನ್ ಮಾಡಿದ. 'ಚೀಲ ಎತ್ತಿ ಇಟ್ಟುಬಿಡ್ರೀ, ಇನ್ನೂ ಏರತದ' ಅಂದ. ಗೋದಾಮಿನಲ್ಲಿ ಜಾಗ ಇತ್ತು. ಕೈಯಲ್ಲಿ ದುಡ್ಡೂ ಇತ್ತು. ಮಾತಾಡುತ್ತಲೇ ಕಣ್ಣು ಚೀಟಿ ಮೇಲೆ ಬಿತ್ತು. ವಾರಕ್ಕೆ ಖರ್ಚಾಗುವಷ್ಟೇ ತರಿಸಿದೆ. ಅವನು ಹೇಳಿದಂತೆ ದರ ಏರಿತು. ಮನೆಯಲ್ಲಿ 'ನಿಮ್ಮ ಲಕ್ಕಮ್ಮ ಎಷ್ಟು ಲುಕ್ಸಾನ್ ಮಾಡಿದಳು' ಎಂದು ನಕ್ಕರು. ಲುಕ್ಸಾನ್ ಆದದ್ದು ಹೌದು. ಆದರೂ ಆ ಚೀಟಿ ತೆಗೆಯಲು ಮನಸ್ಸು ಬರಲಿಲ್ಲ.

ಶರಣರ ಮಾತೇ ಆಗಬೇಕೆಂದಿಲ್ಲ. ಜೋಳ ಒಯ್ಯಲು ಬರುವ ಅಜ್ಜಿಯೊಬ್ಬಳು, ನಾನು ಒಬ್ಬನಿಗೆ ಉದ್ರಿ ಕೊಡಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ, 'ಉದ್ರಿ ಕೇಳಾವನ ಮಾರಿ ನೋಡಬ್ಯಾಡ ತಮ್ಮಾ, ಕೈ ನೋಡು' ಅಂದಳು. ಅವನ ಅಂಗೈ ನೋಡಿದೆ, ಕಲ್ಲು ಒಡೆದು ಕಾಯಿ ಕಟ್ಟಿತ್ತು. ಕೊಟ್ಟೆ. ಆ ಮಾತನ್ನೂ ಅವತ್ತೇ ಬರೆದು ಅಂಟಿಸಿದೆ.

'ಲೋಕದ ಡೊಂಕ ನೀವೇಕೆ ತಿದ್ದುವಿರಿ' ಮಾತ್ರ ನನ್ನ ಕೈಗೆ ಬಗ್ಗಲಿಲ್ಲ. ಅದನ್ನು ಅಂಟಿಸಿಕೊಂಡರೆ ಕೆಲಸದ ಹುಡುಗರಿಗೆ ಓದಿ ಹೇಳಬೇಕು ಅನ್ನಿಸುತ್ತದೆ. ಹಾಗೆ ಹೇಳುವವರಿಗೇ ಬರೆದ ವಚನ ಅಲ್ವಾ ಅದು!

ಸದ್ಯಕ್ಕೆ ಮಾರಯ್ಯನ ಚೀಟಿ ಇದೆ. 'ಕಾಯಕವೇ ಕೈಲಾಸ' ಎಂದು ಬಸವಣ್ಣನವರ ಫೋಟೋ ಕೆಳಗೆ ಬರೆಯುತ್ತಾರಲ್ಲ, ಆ ಮಾತು ಸಿಗುವುದು ಈತನ ವಚನದಲ್ಲಿ. ಫೋಟೋ ಕೆಳಗೆ ಎರಡೇ ಪದ ಇರುತ್ತವೆ. ಪೂರ್ತಿ ಓದಿದರೆ ಮಾತು ಬಲು ಖಡಕ್. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತಿದ್ದರೂ ಹಂಗು ಹರಿಯಬೇಕು ಅನ್ನುತ್ತಾನೆ. ಸಂಜೆ ಗಿರಾಕಿ ತುಂಬಿರುವಾಗಲೇ ಚಂದಾ ಪುಸ್ತಕ ಹಿಡಿದವರು ಬರುತ್ತಾರೆ. ಮುಂಚೆ ತೂಕ ಬಿಟ್ಟು ಎದ್ದು ಅವರಿಗೆ ಕುರ್ಚಿ ಹಾಕುತ್ತಿದ್ದೆ. ಈಗ 'ಸ್ವಲ್ಪ ನಿಲ್ರೀ' ಎಂದು ಮೊದಲು ಕಾಲು ಕೆಜಿ ಸಕ್ಕರೆಗೆ ಬಂದ ಹುಡುಗಿಯನ್ನು ಕಳಿಸುತ್ತೇನೆ.