ಎರಡು ಸಲ ಹೋದ ಕಾರ್ಡ್ ಬಿಲ್ಲಿನ ದುಡ್ಡು ವಾಪಸ್ ಪಡೆದದ್ದು

ಕ್ರೆಡಿಟ್ ಕಾರ್ಡಿಗೆ ಬಾಕಿಗಿಂತ ಹೆಚ್ಚು ದುಡ್ಡು ಹೋದರೂ ಅದು ನಮ್ಮದೇ ದುಡ್ಡು. ಕೇಳಿದರೆ ಬ್ಯಾಂಕ್ ಅದನ್ನು ನಮ್ಮ ಉಳಿತಾಯ ಖಾತೆಗೆ ಹಾಕಲೇಬೇಕು. ನಾವಾಗಿ ಕೇಳುವ ತನಕ ಈ ಮಾತನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಆದದ್ದು ಹೀಗೆ. ಆ ತಿಂಗಳ ಬಿಲ್ 46,280 ರೂಪಾಯಿ. ಫೋನಿನ ಪಾವತಿ ಆ್ಯಪ್‌ನಿಂದ ಕಟ್ಟಿದೆ. ಖಾತೆಯಿಂದ ದುಡ್ಡು ಹೋಯಿತು, ಆದರೆ ಆ್ಯಪ್ ‘ಪೆಂಡಿಂಗ್’ ಅಂತಲೇ ತೋರಿಸುತ್ತಿತ್ತು, ಕಾರ್ಡಿಗೆ ಜಮಾ ಆಗಿರಲಿಲ್ಲ. ಕಟ್ಟಬೇಕಾದ ಕೊನೆಯ ದಿನ ಬಂದೇ ಬಂತು, ಬ್ಯಾಂಕಿನಿಂದ ಮೆಸೇಜಿನ ಮೇಲೆ ಮೆಸೇಜು. ನೆಟ್ ಬ್ಯಾಂಕಿಂಗ್‌ನಲ್ಲಿ ಇನ್ನೊಮ್ಮೆ ಕಟ್ಟಿದೆ. ಆಮೇಲೆ ಎರಡೂ ಜಮಾ ಆದವು. ಮಗಳ ಹಾಸ್ಟೆಲ್ ಫೀಸಿಗೆ ಇಟ್ಟಿದ್ದ ದುಡ್ಡು ಕಾರ್ಡಿನಲ್ಲಿ ಹೋಗಿ ಕೂತಿತು.

ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುವ ಒಂದು ನಿಯಮವಿದೆ. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದ ಮೇಲಷ್ಟೇ ಬ್ಯಾಂಕ್ ವಿಳಂಬ ಶುಲ್ಕ ಹಾಕಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಪಾವತಿ ಪೆಂಡಿಂಗ್ ಆಗಿ ನಿಂತವರಿಗೆ ಈ ಮೂರು ದಿನ ಉಸಿರಾಡಲು ಸಾಕು.

ಮೊದಲು ಮಾಡಬೇಕಾದ ಕೆಲಸ, ದುಡ್ಡು ನಿಜವಾಗಿ ಎಲ್ಲಿದೆ ಅಂತ ತಿಳಿಯುವುದು. ಯುಪಿಐ ಪಾವತಿ ಮಧ್ಯದಲ್ಲಿ ಮುರಿದುಬಿದ್ದಿದ್ದರೆ ಅದು ತಾನಾಗಿ ಖಾತೆಗೆ ಮರಳುತ್ತದೆ, ಕಾರ್ಡಿನವರನ್ನು ಕೇಳಿ ಫಲವಿಲ್ಲ. ಕಾರ್ಡಿಗೆ ಜಮಾ ಆಗಿದ್ದರೆ ಮಾತ್ರ ಕಾರ್ಡ್ ಕೊಟ್ಟ ಬ್ಯಾಂಕಿನ ಹತ್ತಿರ ಹೋಗಬೇಕು. ನಾನು ಕಾರ್ಡಿನ ಆ್ಯಪ್ ತೆರೆದು ಪಾವತಿಗಳ ಪಟ್ಟಿ ನೋಡಿದೆ, ಎರಡೂ ಇದ್ದವು. ಬಾಕಿಯ ಜಾಗದಲ್ಲಿ ಮೈನಸ್ ಗುರುತು ಹಾಕಿ 41,160 ಅಂತ ಇತ್ತು. ಕೆಲವು ಬ್ಯಾಂಕುಗಳಲ್ಲಿ ಮೈನಸ್ ಬದಲು ಮೊತ್ತದ ಪಕ್ಕ ‘ಸಿಆರ್’ (ಕ್ರೆಡಿಟ್, ಅಂದರೆ ಜಮಾ) ಅಂತ ಬರುತ್ತದೆ.

46,280 ಯಾಕೆ 41,160 ಆಯಿತು ಅಂದರೆ, ಬಿಲ್ ಆದಮೇಲೆ 5,120 ರೂಪಾಯಿಯ ದಿನಸಿ, ಔಷಧಿ ಎಲ್ಲ ಅದೇ ಕಾರ್ಡಿನಲ್ಲಿ ಕೊಂಡಿದ್ದೆವು. ಇನ್ನೂ ಬಿಲ್ ಆಗದ ಖರ್ಚು ಹೀಗೆ ಹೆಚ್ಚುವರಿಯನ್ನು ತಿನ್ನುತ್ತಾ ಹೋಗುತ್ತದೆ. ಅದರ ಮೇಲೆ ಮೊಬೈಲ್ ಕಂತು 2,310 ರೂಪಾಯಿ ಆ ವಾರ ಬೀಳುವುದಿತ್ತು. ಎಷ್ಟು ವಾಪಸ್ ಕೇಳಬೇಕು ಅನ್ನುವ ಲೆಕ್ಕವನ್ನು ಕೂತು ಮಾಡಬೇಕು. ಕಂತು, ಮುಂದಿನ ವಾರದ ಪೆಟ್ರೋಲು ಎಲ್ಲ ಬಿಟ್ಟು ನಾನು 38,000 ಮಾತ್ರ ಕೇಳಿದೆ. ಪೂರ್ತಿ ಕೇಳಿದ್ದರೆ, ಅವರು ಕಳಿಸುವ ಹೊತ್ತಿಗೆ ಕಂತು ಬಿದ್ದು ಮೊತ್ತ ಹೊಂದದೆ ಅರ್ಜಿ ನಿಲ್ಲುವ ಸಂಭವವಿತ್ತು.

ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ಫೋನ್ ಮಾಡಿದಾಗ ಆ ಹುಡುಗಿ ಮರ್ಯಾದೆಯಾಗಿಯೇ ಹೇಳಿದಳು: “ಯೋಚನೆ ಮಾಡಬೇಡಿ ಮೇಡಂ, ಮುಂದಿನ ಬಿಲ್ಲಿಗೆ ಅಡ್ಜಸ್ಟ್ ಆಗುತ್ತೆ.” ಸಾವಿರ ಎರಡು ಸಾವಿರವಾಗಿದ್ದರೆ ನಾನೂ ಹೂಂ ಅಂದುಬಿಡುತ್ತಿದ್ದೆ, ತಿಂಗಳ ಖರ್ಚಿನಲ್ಲಿ ಸರಿಹೋಗುತ್ತಿತ್ತು. ಆದರೆ ಇಷ್ಟು ದೊಡ್ಡ ಮೊತ್ತ ಬಡ್ಡಿ ಇಲ್ಲದೆ ಅಲ್ಲಿ ಕೂರುವುದು, ನಾವು ಫೀಸಿಗೆ ಬೇರೆ ಕಡೆ ಕೈಚಾಚುವುದು ಯಾವ ನ್ಯಾಯ? ನಮ್ಮ ಶಾಖೆಯಲ್ಲಿ ಕೇಳಿದರೆ, “ಕಾರ್ಡ್ ವಿಭಾಗ ನಮ್ಮ ಕೈಲಿಲ್ಲ ಮೇಡಂ” ಅಂದರು. ಅದೂ ನಿಜವೇ, ಶಾಖೆಯವರಿಂದ ಇದು ಆಗುವ ಕೆಲಸವಲ್ಲ. ಎಟಿಎಮ್‌ಗೆ ಹೋಗಿ ಅದೇ ಕಾರ್ಡಿನಲ್ಲಿ ದುಡ್ಡು ತೆಗೆಯಿರಿ ಅಂತ ಒಬ್ಬ ನೆಂಟರು ಸಲಹೆ ಕೊಟ್ಟರು. ಶುಲ್ಕಪಟ್ಟಿ ತೆಗೆದು ನೋಡಿದೆ: ನಗದು ತೆಗೆದರೆ ಶೇ. 2.5 ಶುಲ್ಕ, ಕನಿಷ್ಠ 500 ರೂಪಾಯಿ, ಮೇಲೆ ಜಿಎಸ್‌ಟಿ. ನಮ್ಮ ದುಡ್ಡೇ ಅಲ್ಲಿದ್ದರೆ ಶುಲ್ಕ ಬೀಳುವುದಿಲ್ಲ ಅಂತ ಅಲ್ಲೆಲ್ಲೂ ಬರೆದಿರಲಿಲ್ಲ. ಆ ದಾರಿ ಬಿಟ್ಟೆ.

ಕೆಲಸ ಮಾಡಿದ್ದು ಇಮೇಲ್. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡುಗಳ ಬಗ್ಗೆ ಒಂದು ನಿರ್ದೇಶನ ಹೊರಡಿಸಿತು, ಅದೇ ಜುಲೈ 1ರಿಂದ ಜಾರಿಗೆ ಬಂತು. ಕಾರ್ಡಿನಲ್ಲಿ ಉಳಿದಿರುವ ಜಮಾ ಮೊತ್ತವನ್ನು ಬ್ಯಾಂಕ್ ಖಾತೆಗೆ ಹಾಕಿ ಎಂದು ಗ್ರಾಹಕರು ಕೇಳಿದರೆ, ಅರ್ಜಿ ತಲುಪಿದ ಮೂರು ಕೆಲಸದ ದಿನಗಳ ಒಳಗೆ ಹಾಕಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ನಾನು ಇಮೇಲಿನಲ್ಲಿ ಈ ಮಾತನ್ನೇ ಬರೆದೆ. ‘ದಯವಿಟ್ಟು ಪರಿಶೀಲಿಸಿ’ ಎಂದು ಮುಗಿಸಲಿಲ್ಲ. “ಮುಂದಿನ ಬಿಲ್ಲಿಗೆ ಹೊಂದಿಸಲು ನನ್ನ ಒಪ್ಪಿಗೆ ಇಲ್ಲ, 38,000 ರೂಪಾಯಿಯನ್ನು ನನ್ನ ಖಾತೆಗೆ ಹಾಕಿ” ಎಂದು ಬರೆದೆ. ಕಾರ್ಡಿನ ಕೊನೆಯ ನಾಲ್ಕು ಅಂಕಿ, ಎರಡೂ ಪಾವತಿಗಳ ದಿನಾಂಕ, ಯುಟಿಆರ್ ನಂಬರು (ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ), ಖಾತೆ ನಂಬರು, ಐಎಫ್‌ಎಸ್‌ಸಿ ಕೊಟ್ಟೆ. ಖಾತೆ ಬೇರೆ ಬ್ಯಾಂಕಿನದಾದ್ದರಿಂದ ಕ್ಯಾನ್ಸಲ್ ಮಾಡಿದ ಚೆಕ್ಕಿನ ಫೋಟೊ ಸೇರಿಸಿದೆ. ಬ್ಯಾಂಕಿನಲ್ಲಿ ನೋಂದಾಯಿಸಿದ ಇಮೇಲ್‌ನಿಂದಲೇ ಕಳಿಸಬೇಕು. ಪೂರ್ತಿ ಕಾರ್ಡ್ ನಂಬರು, ಕಾರ್ಡಿನ ಹಿಂಬದಿಯಲ್ಲಿರುವ ಮೂರು ಅಂಕಿ (ಸಿವಿವಿ) ಎಂದೂ ಬರೆಯಬಾರದು.

ದೂರಿನ ನಂಬರು ಬಂತು, ಅದರ ಬೆನ್ನಿಗೇ ಮತ್ತೆ ಅದೇ ‘ಅಡ್ಜಸ್ಟ್ ಆಗುತ್ತದೆ’ ಎಂಬ ಸಿದ್ಧ ಉತ್ತರ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಕುಂದುಕೊರತೆಯ ಪುಟದ ಕೆಳಗೆ ನೋಡಲ್ ಅಧಿಕಾರಿಯ, ಅಂದರೆ ಮೇಲಿನ ಹಂತದಲ್ಲಿ ದೂರು ನೋಡುವವರ, ವಿಳಾಸ ಇರುತ್ತದೆ. ಅದೇ ಪತ್ರಕ್ಕೆ ದೂರಿನ ನಂಬರು ಸೇರಿಸಿ ಅವರಿಗೆ ಕಳಿಸಿದೆ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಎಂಬ ಅವರ ದೂರಿನ ಪೋರ್ಟಲ್ ಮೂಲಕ ದೂರು ಕೊಡುತ್ತೇನೆ ಎಂದೂ ಸೇರಿಸಿದೆ. ಅದಕ್ಕೆ ಗ್ರಾಹಕರು ಶುಲ್ಕ ಕಟ್ಟಬೇಕಿಲ್ಲ. ಅಲ್ಲಿ ತನಕ ಹೋಗಬೇಕಾಗಲಿಲ್ಲ. ನೋಡಲ್ ಅಧಿಕಾರಿಯ ಕಚೇರಿಯವರು ಫೋನ್ ಮಾಡಿ ಖಾತೆ ನಂಬರು ಖಚಿತಪಡಿಸಿಕೊಂಡರು, ದುಡ್ಡು ನೆಫ್ಟ್‌ನಲ್ಲಿ ಬಂತು.

ಇದರ ನಡುವೆ ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ. ನಮ್ಮ ಮನೆಯವರು ಅವಸರಕ್ಕೆ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರು ಹುಡುಕಿದಾಗ ಮೇಲೆ ಸಿಕ್ಕಿದ್ದು ಬ್ಯಾಂಕಿನ ನಂಬರೇ ಆಗಿರಲಿಲ್ಲ. ರೀಫಂಡಿಗೆ ಕಾಯುತ್ತಿರುವವರೇ ಇಂಥ ಮೋಸಗಾರರಿಗೆ ಬೇಕಾದವರು. ಅವರು ಒಂದು ಆ್ಯಪ್ ಹಾಕಿಕೊಳ್ಳಿ ಅನ್ನುತ್ತಾರೆ, ಲಿಂಕ್ ಒತ್ತಿ ಅನ್ನುತ್ತಾರೆ, ಒಟಿಪಿ ಕೇಳುತ್ತಾರೆ. ದುಡ್ಡು ನಮಗೆ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ದಯವಿಟ್ಟು ಕಾರ್ಡಿನ ಹಿಂದೆ ಇರುವ ನಂಬರು ಬಿಟ್ಟು ಬೇರೆಯದಕ್ಕೆ ಫೋನ್ ಮಾಡಬೇಡಿ. ಅಕಸ್ಮಾತ್ ಸಿಕ್ಕಿಬಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದುಡ್ಡು ಖಾತೆಗೆ ಬಂದ ಮೇಲೂ ಮುಂದಿನ ಸ್ಟೇಟ್‌ಮೆಂಟ್ ಬರುವ ತನಕ ಕಾದೆ. ವಾಪಸ್ ಕೊಟ್ಟ 38,000 ಕಾರ್ಡಿನ ಲೆಕ್ಕದಲ್ಲಿ ಖರ್ಚಿನ ಕಡೆ ನಮೂದಾಗುತ್ತದೆ. ಅದನ್ನು ನಗದು ತೆಗೆದ ಹಾಗೆ ಎಣಿಸಿ ಶುಲ್ಕವನ್ನೋ ಬಡ್ಡಿಯನ್ನೋ ಹಾಕಿದ್ದಾರೆಯೇ ಎಂದು ಸಾಲು ಸಾಲಾಗಿ ನೋಡಿದೆ. ಹಾಕಿರಲಿಲ್ಲ. ಉಳಿದ ಮೂರು ಸಾವಿರ ಚಿಲ್ಲರೆ ಕಂತಿಗೂ ಪೆಟ್ರೋಲಿಗೂ ಹೋಯಿತು.

ಕಾರ್ಡನ್ನೇ ಮುಚ್ಚಿಸುವವರಿಗೂ ಇದು ಅನ್ವಯಿಸುತ್ತದೆ. ಮುಚ್ಚಿದ ಮೇಲೆ ಜಮಾ ಉಳಿದಿದ್ದರೆ ಅದು ನಿಮ್ಮ ಖಾತೆಗೆ ಬರಬೇಕು. ಬಾಕಿ ಏನೂ ಇಲ್ಲದೆ ಅರ್ಜಿ ಕೊಟ್ಟಿದ್ದರೆ ಏಳು ಕೆಲಸದ ದಿನಗಳಲ್ಲಿ ಕಾರ್ಡ್ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು ಎಂದು ಅದೇ 2022ರ ನಿರ್ದೇಶನದಲ್ಲಿದೆ. ಅರ್ಜಿಯಲ್ಲಿ ಖಾತೆ ನಂಬರು ಬರೆದೇ ಕೊಡಿ.