ಕೂಲೆಂಟ್ ಹೋಸ್ ಕಳಚಿದ್ದಕ್ಕೆ ಡೀಲರ್‌ನಿಂದ ದುಡ್ಡು ವಸೂಲಿ ಮಾಡಿದ್ದು: ನನ್ನ ಅನುಭವ

ಮಾರ್ಚ್ 2025ರಲ್ಲಿ ಡೀಲರ್ ಕಡೆಯಿಂದ ನನ್ನ ಖಾತೆಗೆ 1.27 ಲಕ್ಷದ ಹತ್ತಿರ ದುಡ್ಡು ಬಂತು. "ಶೋರೂಮಿನವರ ಮೇಲೆ ಕೇಸ್ ಹಾಕಿ ಗೆದ್ದವರುಂಟಾ?" ಅಂತ ಎರಡು ವರ್ಷ ನಕ್ಕಿದ್ದ ಭಾವನಿಗೆ ಮೊದಲು ಮೆಸೇಜ್ ತೋರಿಸಿದೆ. ವಕೀಲರಿಲ್ಲದೆ, ಗ್ರಾಹಕರ ಆಯೋಗಕ್ಕೆ ಕನ್ನಡದಲ್ಲೇ ದೂರು ಬರೆದು, ನಾನೇ ನಿಂತು ವಾದ ಮಾಡಿದ್ದು. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಕಾರು ಡೀಸೆಲ್, 2015ರ ಮಾಡೆಲ್. ಲಕ್ಷ ಕಿಲೋಮೀಟರ್ ಹತ್ತಿರ ಬಂದಿತ್ತು. ಜುಲೈ 2022ರಲ್ಲಿ ಟೈಮಿಂಗ್ ಬೆಲ್ಟ್, ಟೆನ್ಷನರ್, ಜೊತೆಗೆ ವಾಟರ್ ಪಂಪ್ ಬದಲಿಸಲು ಅಧಿಕೃತ ಡೀಲರ್ ಬಳಿ ಬಿಟ್ಟೆ. ಬಿಲ್ 31 ಸಾವಿರ ಚಿಲ್ಲರೆ. ಹತ್ತು ಹನ್ನೆರಡು ದಿನ, ನಾನೂರು ಕಿಲೋಮೀಟರ್ ಓಡಿರಬಹುದು. ಉಡುಪಿಯಿಂದ ತೀರ್ಥಹಳ್ಳಿಗೆ ಬರುವಾಗ ಆಗುಂಬೆ ಘಾಟಿಯಲ್ಲಿ, ಹದಿನಾಲ್ಕು ತಿರುವಲ್ಲಿ ಏಳೋ ಎಂಟೋ ಮುಗಿದಿತ್ತು, ಎಂಜಿನ್ ಬಿಸಿಯ ಕೆಂಪು ದೀಪ ಹತ್ತಿತು. ಘಾಟಿಯಲ್ಲಿ ಕಂಡಕಂಡಲ್ಲಿ ನಿಲ್ಲಿಸೋಕೆ ಜಾಗ ಎಲ್ಲಿದೆ? ಮುಂದಿನ ತಿರುವಿನ ಅಗಲದಲ್ಲಿ ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಮಳೆ ಹನಿಯೆಲ್ಲ ಎಂಜಿನ್ ಮೇಲೆ ಚುಂಯ್ ಅನ್ನುತ್ತಿತ್ತು.

ಎಂಜಿನ್ ತಂಪಾಗಿಸುವ ನೀರು, ಅಂದರೆ ಕೂಲೆಂಟ್, ಹರಿಯುವ ಕೆಳಗಿನ ಹೋಸ್ ಪಂಪಿನ ಬಾಯಿಂದ ಕಳಚಿತ್ತು. ಅದನ್ನು ಬಿಗಿ ಹಿಡಿಯಬೇಕಾದ ಸ್ಪ್ರಿಂಗ್ ಕ್ಲಾಂಪ್ ಹೋಸಿನ ತುದಿಯಲ್ಲೇ ನೇತಾಡುತ್ತಿತ್ತು. ಏಳು ವರ್ಷ ಕ್ಲಾಂಪ್ ಕೂತಿದ್ದ ಜಾಗದಲ್ಲಿ ರಬ್ಬರ್ ಮೇಲೆ ಆಳವಾದ ಗೆರೆ ಬಿದ್ದಿತ್ತು. ಈಗ ಕ್ಲಾಂಪ್ ಇದ್ದದ್ದು ಆ ಗೆರೆಯಿಂದ ಒಂದೂವರೆ ಬೆರಳು ಆಚೆ, ಅಂಚಿನಲ್ಲಿ. ಕ್ಲಾಂಪಿನ ಕಿವಿಗಳ ಮೇಲೆ ಇಕ್ಕಳ ಹಿಡಿದ ಹೊಸ ಗೀರು, ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಏನನ್ನೂ ಮುಟ್ಟದೆ ಹದಿನೈದು ಇಪ್ಪತ್ತು ಫೋಟೋ ತೆಗೆದೆ. ಒಂದರಲ್ಲಿ ಅಳತೆಗೆ ಐದು ರೂಪಾಯಿ ನಾಣ್ಯ ಇಟ್ಟೆ.

ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಬಿದ್ದಿದ್ದ ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಫೋನಿನಲ್ಲಿ ತೋರಿಸುವ ಸಾಧನ) ನೆನಪಾಯಿತು. ಸಾವಿರ ರೂಪಾಯಿಯ ಬ್ಲೂಟೂತ್ ಮಾಲು. ಕೋಡ್ ಪಿ0217, ಅಂದರೆ ಎಂಜಿನ್ ಅತಿಯಾಗಿ ಬಿಸಿ. ದೋಷ ದಾಖಲಾದ ಕ್ಷಣದ ಲೆಕ್ಕ ತೋರಿಸುವ ಫ್ರೀಜ್ ಫ್ರೇಮ್‌ನಲ್ಲಿ ಕೂಲೆಂಟ್ 119 ಡಿಗ್ರಿ, ವೇಗ 22 ಇತ್ತು ಅಂತ ನೆನಪು. ಅದಕ್ಕಿಂತ ಬೆಲೆಬಾಳಿದ್ದು ಇನ್ನೊಂದು ಸಾಲು: ಚೆಕ್ ಎಂಜಿನ್ ದೀಪ ಹತ್ತಿದ ಮೇಲೆ ಓಡಿದ ದೂರ, 1 ಕಿಲೋಮೀಟರ್. ಅಂದರೆ ದೀಪ ಕಂಡೂ ಓಡಿಸಿಕೊಂಡು ಹೋಗಿಲ್ಲ ಅನ್ನೋದಕ್ಕೆ ಸಾಕ್ಷಿ. ಸ್ಕ್ರೀನ್‌ಶಾಟ್ ಹೊಡೆದೆ. ಯಾರಾದರೂ ಕೋಡ್ ಅಳಿಸಿದರೆ ಈ ಲೆಕ್ಕವೂ ಸೊನ್ನೆಯಾಗುತ್ತೆ, ಗೊತ್ತಲ್ವಾ? ವರ್ಕ್‌ಶಾಪ್‌ನಲ್ಲಿ ಸ್ಕ್ಯಾನರ್ ಹಾಕಿದ ಕೂಡಲೇ ಹುಡುಗರು ಅಳಿಸಿಬಿಡ್ತಾರೆ. ಇಲ್ಲೂ ಅದೇ ಆಯಿತು.

ಕಾರನ್ನು ನೇರ ಡೀಲರ್ ಬಳಿ ಎಳೆಸಲಿಲ್ಲ. ಮೊದಲು ನಮ್ಮ ಅಡಿಕೆ ಶೆಡ್ಡಿಗೆ ತಂದು ಎರಡು ದಿನ ಇಟ್ಟೆ. ಎಳೆಸಿದ್ದಕ್ಕೆ ಒಟ್ಟು ಒಂಬತ್ತು ಸಾವಿರ ಆಯಿತು.

ಇಲ್ಲಿಂದ ನನ್ನ ತಪ್ಪುಗಳು ಶುರು. ಕಡಿಮೆಗೆ ಸಿಕ್ಕಿದ ಅಂತ ವಾಹನದ ಹಾನಿ ನೋಡಿ ವರದಿ ಕೊಡುವ ಒಬ್ಬ ಸರ್ವೇಯರ್‌ನ ಕರೆಸಿದೆ, 1,500 ರೂಪಾಯಿ. ಅರ್ಧ ಪುಟ ಬರೆದುಕೊಟ್ಟ. ಅದರಲ್ಲಿ ಚಾಸಿ ನಂಬರ್ ಇಲ್ಲ, ಫೋಟೋ ಇಲ್ಲ, ಕೊನೆಗೆ ತಾರೀಖೂ ಇಲ್ಲ. ಕಸದ ಬುಟ್ಟಿಗೆ ಹೋಯಿತು. ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಸಿಕ್ಕರು. ಆರು ಸಾವಿರ ತಗೊಂಡರು. ಹನ್ನೊಂದು ಪುಟದ ವರದಿ, ಮೇಲೆ ಅಫಿಡವಿಟ್. ನೀರೆಲ್ಲ ಸೋರಿಹೋದರೆ ಸೆನ್ಸರ್ ಬರೀ ಆವಿಯಲ್ಲಿ ನಿಂತು ಕಡಿಮೆ ಉಷ್ಣತೆ ತೋರಿಸುತ್ತೆ, ಅದಕ್ಕೇ ದೀಪ ತಡವಾಗಿ ಹತ್ತಿದ್ದು, ಅಷ್ಟರಲ್ಲಿ ಎಂಜಿನ್ನಿನ ಮೇಲ್ಭಾಗದ ಹೆಡ್ ಬೆಂಡಾಗಿತ್ತು ಅಂತ ಒಂದು ಪ್ಯಾರಾ ಬರೆದಿದ್ದರು. ಆ ಪ್ಯಾರಾಕ್ಕೇ ಆರು ಸಾವಿರ ಕೊಡಬಹುದಿತ್ತು.

ಎರಡನೇ ತಪ್ಪು ವಾಟ್ಸಾಪ್. ಸರ್ವಿಸ್ ಮ್ಯಾನೇಜರ್‌ಗೆ ಒಂದೇ ರಾತ್ರಿ ಇಪ್ಪತ್ತಕ್ಕೂ ಜಾಸ್ತಿ ಮೆಸೇಜ್ ಕಳಿಸಿದ್ದೆ. ಕೆಲವು ಮನೆಯವರೆದುರು ಓದುವಂಥವಲ್ಲ. ಅವನ್ನೆಲ್ಲ ಪ್ರಿಂಟ್ ತೆಗೆದು ಅವರ ವಕೀಲರು ಆಯೋಗದ ಮುಂದೆ ಇಟ್ಟರು. ತಲೆ ತಗ್ಗಿಸಿ ನಿಂತಿದ್ದೆ.

ಎಂಜಿನ್ ಹೆಡ್ ರಿಪೇರಿಗೆ ಡೀಲರ್ 86 ಸಾವಿರ ಅಂದ. ಕಟ್ಟದಿದ್ದರೆ ದಿನಕ್ಕೆ 300 ಪಾರ್ಕಿಂಗ್. ಜಗಳ ಆಡುತ್ತಾ ಕೂತರೆ ಬಾಡಿಗೆ ಕಾರಿನ ದುಡ್ಡೇ ಅಷ್ಟಾಗುತ್ತಿತ್ತು. ಕಟ್ಟಿದೆ. ಆದರೆ ಇನ್‌ವಾಯ್ಸಿನ ಎರಡೂ ಪ್ರತಿ ಮೇಲೆ "ಈ ಮೊತ್ತಕ್ಕೆ ನನ್ನ ಒಪ್ಪಿಗೆ ಇಲ್ಲ, ಆಕ್ಷೇಪಣೆ ಇಟ್ಟುಕೊಂಡೇ ಕಟ್ಟುತ್ತಿದ್ದೇನೆ" ಅಂತ ಬರೆದು ಸಹಿ ಹಾಕಿದೆ. ಕ್ಯಾಷಿಯರ್ ಹುಡುಗಿ ಓದದೇ ಸೀಲ್ ಒತ್ತಿದಳು. ಹಳೇ ಪಂಪ್, ಹೋಸ್, ಕ್ಲಾಂಪ್ ಕೂಡ ನನ್ನ ಕೈಗೆ ಬಂದವು. ಹೇಗೆ ಬಂದವು ಅಂತ ಇಲ್ಲಿ ಬರೆಯಲ್ಲ, ಇನ್ನೊಬ್ಬರ ಕೆಲಸ ಹೋಗುತ್ತೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೆ. ಡೀಲರ್ ಉತ್ತರ ಕೊಟ್ಟ: "ಕೆಟ್ಟ ರಸ್ತೆಯ ಅದುರಿಗೆ ಹೋಸ್ ಸಡಿಲ ಆಗಿರಬಹುದು, ನಮ್ಮ ತಪ್ಪಲ್ಲ." ದೂರು ಅಲ್ಲಿಗೇ ಮುಗಿಯಿತು. ಆಗ ಬೇಜಾರಾಗಿತ್ತು. ಕೊನೆಗೆ ನನ್ನನ್ನು ಗೆಲ್ಲಿಸಿದ್ದು ಅದೇ ಕಾಗದ. ಅವರು ಬಾಯಲ್ಲಿ ನೂರು ಹೇಳ್ತಾರೆ, ನಾಳೆ ಇಲ್ಲ ಅಂತಾರೆ. ಏನೇ ನೆಪ ಇರಲಿ, ಅವರ ಕೈಯಲ್ಲೇ ಬರೆಸಿಕೊಳ್ಳಬೇಕು. ಎಷ್ಟು ಸಲ ಬರೆಸಿದರೆ ಅಷ್ಟು ಒಳ್ಳೆಯದು.

ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್ ಕಳಿಸಿ ಹದಿನೈದು ದಿನ ಕಾದೆ. "ಮುಂದಿನ ಎರಡು ಸರ್ವಿಸ್ ಫ್ರೀ" ಅಂದರು. ಬೇಡ ಅಂದೆ. ಫೆಬ್ರವರಿ 2023ರಲ್ಲಿ ಗ್ರಾಹಕರ ಆಯೋಗದ ಆನ್‌ಲೈನ್ ಪೋರ್ಟಲ್ ಇ-ದಾಖಿಲ್‌ನಲ್ಲಿ ದೂರು ಹಾಕಿದೆ. ಈಗ ಅದರ ಜಾಗಕ್ಕೆ ಇ-ಜಾಗೃತಿ ಬಂದಿದೆ. ಕೊಟ್ಟ ಬಿಲ್ಲು 5 ಲಕ್ಷದ ಒಳಗಿದ್ದರೆ ಶುಲ್ಕ ಸೊನ್ನೆ, ಹಾಗಾಗಿ ಅಲ್ಲಿ ಪೈಸೆ ಖರ್ಚಿಲ್ಲ. ಪರಿಚಯದ ವಕೀಲರೊಬ್ಬರು ಕರಡು ತಿದ್ದಿ ಮೂರು ಸಾವಿರ ತಗೊಂಡರು. ಫೋಟೋ, ಸ್ಕ್ರೀನ್‌ಶಾಟ್‌ಗೆ ಅವು ಅಸಲಿ ಅಂತ ಹೇಳುವ, ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಹಾಕಿಸಿದ್ದು ಅವರೇ. ಈಗ ಹಾಕುವವರು ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ ನೋಡಿಕೊಳ್ಳಿ.

ಅವರ ಮಾತು ಕೇಳದೆ ಮಾಡಿದ್ದು ಒಂದೇ. ಕಾರು ತಯಾರಿಸಿದ ಕಂಪನಿಯನ್ನೂ ಎರಡನೇ ಎದುರುದಾರನಾಗಿ ಸೇರಿಸಿದೆ, ಹೆದರಲಿ ಅಂತ. ಅವರು ಹೆದರಲಿಲ್ಲ. ಡೀಲರ್ ಬೇರೆ, ನಾವು ಬೇರೆ, ಅವನ ಕೆಲಸಕ್ಕೆ ನಾವು ಜವಾಬ್ದಾರರಲ್ಲ ಅಂತ ದಪ್ಪ ಉತ್ತರ ಹಾಕಿ ಜಾರಿಕೊಂಡರು. ಮೂರು ನಾಲ್ಕು ತಿಂಗಳು ಸುಮ್ನೆ ಹಾಳು. ಕೆಲಸ ಕೆಡಿಸಿದ್ದು ಡೀಲರ್ ಆದರೆ ಡೀಲರ್ ಒಬ್ಬನೇ ಸಾಕು.

ಡೀಲರ್‌ನ ಲಿಖಿತ ಹೇಳಿಕೆಗೆ 30 ದಿನ, ಮೇಲೆ 15 ದಿನ, ಅದು ಬಿಟ್ಟರೆ ಇಲ್ಲ. 45 ದಾಟಲಿ ಅಂತ ದೇವರಿಗೆ ಕೈ ಮುಗಿದಿದ್ದೆ. 43ನೇ ದಿನ ಹಾಕಿಬಿಟ್ಟರು. ಓದಿದರೆ, ಈ ಸಲ ಅದುರು ಮಾಯ! "ದೂರುದಾರರ ಶೆಡ್ಡಿನಲ್ಲಿ ಇಲಿ ಹೋಸ್ ಕಡಿದಿದೆ" ಅಂತ. ಜೊತೆಗೆ ಇದು ವಾಣಿಜ್ಯ ಬಳಕೆಯ ಕಾರು, ಹಾಗಾಗಿ ನಾನು ಗ್ರಾಹಕನೇ ಅಲ್ಲ ಅಂತ ತಗಾದೆ, ಡಿಕ್ಕಿಯಲ್ಲಿ ಅಡಿಕೆ ಮೂಟೆ ಇರುವ ನನ್ನದೇ ಫೋಟೋ ಸಾಕ್ಷಿ. ಸ್ವಂತ ತೋಟದ ಎರಡು ಮೂಟೆ ಸಾಗಿಸಿದರೆ ಟ್ಯಾಕ್ಸಿ ಆಗುತ್ತಾ?

ಅದುರಿನ ಕಾಗದ, ಇಲಿಯ ಕಾಗದ, ಎರಡನ್ನೂ ಪಕ್ಕಪಕ್ಕ ಇಟ್ಟೆ. ಹೋಸನ್ನೇ ಎತ್ತಿ ತೋರಿಸಿದೆ, ಒಂದು ಹಲ್ಲಿನ ಗುರುತೂ ಇರಲಿಲ್ಲ. ಪ್ರಶ್ನಾವಳಿಯಲ್ಲಿ ಬಿಲ್ಲಿನ ಬಗ್ಗೆ ಕೇಳಿದೆ. ಈ ಎಂಜಿನ್‌ಗೆ ಆರು ಲೀಟರ್ ಹತ್ತಿರ ಕೂಲೆಂಟ್ ಬೇಕು. ಪಂಪ್ ಬಿಚ್ಚಿದರೆ ಬಹುಪಾಲು ಚೆಲ್ಲುತ್ತೆ. ನಿಮ್ಮ ಬಿಲ್ಲಿನಲ್ಲಿ ಒಂದೇ ಲೀಟರ್ ಇದೆ, ಉಳಿದದ್ದು ಏನು ಹಾಕಿದಿರಿ? ಪಂಪಿನ ಗ್ಯಾಸ್ಕೆಟ್ ಯಾವ ಸಾಲಿನಲ್ಲಿದೆ? ಉತ್ತರ ಬಂದಿದ್ದು "ಕಂಪನಿಯ ಮಾನದಂಡದಂತೆ ಮಾಡಲಾಗಿದೆ" ಅಂತ ಒಂದೇ ಸಾಲು. ಇನ್ನೂ ಒಂದು ಪ್ರಶ್ನೆ ಕೇಳಿದ್ದೆ, ಅದಕ್ಕೆ ಅವರ ಮೆಕ್ಯಾನಿಕ್ ಅಫಿಡವಿಟ್ ಕೊಡೋಕೇ ಒಪ್ಪಲಿಲ್ಲ. ಆ ಪ್ರಶ್ನೆ ನನ್ನ ಹತ್ತಿರವೇ ಇರಲಿ, ಭಾವನ ಸ್ಕೂಟರಿಗೆ ಬೇಕಾಗಬಹುದು.

ನಡುವೆ ನನ್ನದೇ ಪ್ರಯೋಗಗಳೂ ನಡೆದವು. ಹಳೇ ಹೋಸನ್ನು ಪೈಪಿನ ತುಂಡಿಗೆ ಸಿಕ್ಕಿಸಿ, ಕುದಿನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಕ್ಲಾಂಪ್ ಗೆರೆ ಮೇಲೆ ಕೂತಿದ್ದಾಗ ಒತ್ತಡ ಎರಡು ಬಾರ್ ಆದರೂ ಅಲ್ಲಾಡಲಿಲ್ಲ. ಅಂಚಿಗೆ ಸರಿಸಿದಾಗ ಒಂದು ಬಾರ್ ಆಸುಪಾಸು ಫಟ್ ಅಂತ ಹಾರಿತು. ಹಂಡೆ ನೀರೆಲ್ಲ ಹಸಿರಾಯಿತು, ಮನೆಯಲ್ಲಿ ಎರಡು ದಿನ ಮಾತಿಲ್ಲ. ರಿಪೇರಿ ಆದ ಮೇಲೆ ಡಾಂಗಲ್ ಹಾಕಿಕೊಂಡು ಅದೇ ಘಾಟಿ ಮೂರು ಸಲ ಹತ್ತಿದೆ. 97 ಡಿಗ್ರಿ ದಾಟಲಿಲ್ಲ. ಬಣ್ಣದ ಗ್ರಾಫ್ ಮಾಡಿ ಸಲ್ಲಿಸಿದೆ. ಆದೇಶದಲ್ಲಿ ಅದರ ಹೆಸರೂ ಇಲ್ಲ. ಡೀಸೆಲ್ ದಂಡ.

ಆಯೋಗಕ್ಕೆ ಹದಿನೇಳು ಸಲ ಓಡಾಡಿದೆ, ಒಂದು ಸಲಕ್ಕೆ 400, 450. ನಡುವೆ ಕಾರಿಡಾರಿನಲ್ಲಿ 40 ಸಾವಿರಕ್ಕೆ ರಾಜಿ ಅಂದರು. ಒಪ್ಪಿಬಿಡೋಣ ಅನ್ನಿಸಿತ್ತು, ಸುಳ್ಳು ಹೇಳಲ್ಲ. ನವೆಂಬರ್ 2024ರಲ್ಲಿ ಆದೇಶ ಬಂತು: ರಿಪೇರಿಯ 86 ಸಾವಿರ, ಎಳೆಸಿದ ಒಂಬತ್ತು ಸಾವಿರ, ದೂರು ಹಾಕಿದ ದಿನದಿಂದ ಶೇಕಡಾ 6 ಬಡ್ಡಿ, ಮಾನಸಿಕ ಯಾತನೆಗೆ 15 ಸಾವಿರ, ಖರ್ಚಿಗೆ ಐದು. ಯಾತನೆಗೆ ನಾನು ಕೇಳಿದ್ದು ಒಂದೂವರೆ ಲಕ್ಷ! ಬಾಡಿಗೆ ಕಾರಿನ ಹನ್ನೊಂದು ಸಾವಿರ ಪೂರ್ತಿ ಹೋಯಿತು. ಪಕ್ಕದ ಮನೆಯವನ ಕಾರು, ಕೈಗೆ ಕೈ ದುಡ್ಡು, ರಸೀದಿ ಎಲ್ಲಿಂದ ತರಲಿ?

ಮೇಲ್ಮನವಿಗೆ 45 ದಿನ ಇತ್ತು, ಅರ್ಧ ದುಡ್ಡು ಠೇವಣಿ ಇಡಬೇಕು. ಅವರು ಹೋಗಲಿಲ್ಲ. ಕೊಡಲೂ ಇಲ್ಲ. ಜನವರಿಯಲ್ಲಿ ಜಾರಿ ಅರ್ಜಿ ಹಾಕಿ, ಜೊತೆಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಕಲಂ ಅರ್ಜಿಯನ್ನೂ ಹಾಕಿದೆ. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆ ಇಲ್ಲದ ದಂಡ, ಇಲ್ಲವೇ ಎರಡೂ. ಅದರ ನೋಟಿಸ್ ತಲುಪಿದ ಮೇಲೆ ಮೊದಲ ಸಲ ಡೀಲರ್ ಮಾಲೀಕರೇ ಫೋನ್ ಮಾಡಿದರು, "ಅಕೌಂಟ್ ನಂಬರ್ ಕಳಿಸಿ ಸಾರ್" ಅಂತ.

ಕೈಯಿಂದ ಹೋದದ್ದು ಇಪ್ಪತ್ತು ಸಾವಿರ ಆಸುಪಾಸು, ಬಾಡಿಗೆ ಕಾರು ಬಿಟ್ಟು. ಭಾವ ಹೋದ ವಾರ ಬಂದಿದ್ದ. ಅವನ ಸ್ಕೂಟರಿನ ಕ್ಲಚ್ ಹಾಕಿ ತಿಂಗಳಿಗೇ ಸುಟ್ಟಿದೆಯಂತೆ, ಕೇಸ್ ಹಾಕೋಣ ಅಂತಾನೆ. ಬಿಲ್ ಎಲ್ಲಿ ಅಂದೆ. ಹುಡುಕ್ತಿದ್ದಾನೆ.